ಆಲಮಟ್ಟಿ ಅಲ್ರೀ, ಆಲ್ಮಾ

ಸಕ್ಕರೆ ಕಾರ್ಖಾನೆಯವರಿಗೆ ವರ್ಷದಲ್ಲಿ ಎರಡೇ ಕಾಲ. ಒಂದು ಹಂಗಾಮು, ಇನ್ನೊಂದು ರಿಪೇರಿ. ನವೆಂಬರ್ ಹೊತ್ತಿಗೆ ಬಾಯ್ಲರಿಗೆ ಬೆಂಕಿ ಬಿತ್ತೆಂದರೆ ಮುಂದೆ ನಾಲ್ಕು ತಿಂಗಳು ಒಂದು ನಟ್ಟು ಸಡಿಲಿಸಬೇಕಾದರೂ ಹತ್ತು ಜನರನ್ನು ಕೇಳಬೇಕು. ನುರಿಸುವುದು ನಿಂತ ಮೇಲೆ ಮಿಲ್ಲಿನ ರೋಲರಿನಿಂದ ಹಿಡಿದು ಆಫೀಸಿನ ಫ್ಯಾನಿನವರೆಗೆ ಎಲ್ಲ ಬಿಚ್ಚಿ ಗುಡ್ಡೆ ಹಾಕುತ್ತೇವೆ. ಸರ್ವರಿಗೂ ಅದೇ ಕಾಯಿದೆ.

ನಾನಿರುವುದು ಬಾಗಲಕೋಟೆ ಜಿಲ್ಲೆಯ ಮುಧೋಳ ಕಡೆ, ಒಂದು ಕಾರ್ಖಾನೆಯ ಇಡಿಪಿ ರೂಮಿನಲ್ಲಿ, ಅಂದರೆ ಕಂಪ್ಯೂಟರ್ ವಿಭಾಗದಲ್ಲಿ. ಇಡಿಪಿ ಎಂಬ ಹೆಸರು ಬೇರೆ ಕಡೆ ಎಂದೋ ಅಳಿಸಿಹೋಗಿದೆ, ನಮ್ಮ ಬಾಗಿಲ ಮೇಲೆ ಪೇಂಟಿನಲ್ಲಿ ಇನ್ನೂ ಇದೆ. ಒಳಗೆ ಮೂಲೆಯಲ್ಲಿ 2011ರಲ್ಲಿ ಕೊಂಡ ಒಂದು ಸರ್ವರ್. ಝಿಯಾನ್ 5600 ಸಾಲಿನ ಎರಡು ಪ್ರೊಸೆಸರ್, ಆರು ಡಿಸ್ಕು, ಒಂದು ಡಿಸ್ಕು ಕೆಟ್ಟರೂ ಡೇಟಾ ಉಳಿಯುವಂತೆ ಅವುಗಳನ್ನು ಕಾಯುವ ಒಂದು ರೇಡ್ ಕಾರ್ಡು. ಅದರ ಮೇಲೆ ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇತ್ತು. ರೈತರ ನೋಂದಣಿ, ಕಟಾವಿನ ಪರ್ಚಿ, ಕಾಟಾದ (ಗಾಡಿ ತೂಗುವ ಕಟ್ಟೆಯ) ತೂಕ, ಕಬ್ಬಿನ ಬಿಲ್ಲು ಎಲ್ಲವೂ ಅದರ ಹೊಟ್ಟೆಯಲ್ಲೇ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಬಂದ 14 ದಿನದೊಳಗೆ ರೈತನಿಗೆ ಹಣ ಕೊಡಬೇಕು. ಸರ್ವರ್ ಎರಡು ದಿನ ಮಲಗಿದರೆ ಆ ಲೆಕ್ಕ ತಪ್ಪುತ್ತದೆ. ಅದಕ್ಕಿಂತ ಮೊದಲು ಕಾಟಾದ ಮುಂದೆ ಟ್ರ್ಯಾಕ್ಟರುಗಳ ಸಾಲು ರೋಡಿಗೆ ಹತ್ತುತ್ತದೆ, ಅದರ ಬೆನ್ನಿಗೆ ಜನ ನನ್ನ ಬಾಗಿಲಿಗೆ ಹತ್ತುತ್ತಾರೆ.

2024ರ ಮೇ ತಿಂಗಳಲ್ಲಿ ಆಡಿಟ್‌ನವರು ಒಂದು ಸಾಲು ಬರೆದು ಹೋದರು: ಸೆಂಟ್‌ಓಎಸ್ 7ಕ್ಕೆ ಜೂನ್ 30ರ ನಂತರ ಭದ್ರತಾ ಅಪ್‌ಡೇಟ್ ಬರುವುದಿಲ್ಲ, ಬದಲಿಸತಕ್ಕದ್ದು. ನನಗೆ ಗೊತ್ತಿಲ್ಲದ್ದೇನಲ್ಲ. ನಾಲ್ಕು ವರ್ಷದಿಂದ ಮುಂದೂಡುತ್ತ ಬಂದಿದ್ದೆ ಅಷ್ಟೆ.

ಮುಂದೂಡಿದ್ದಕ್ಕೂ ಒಂದು ಕಥೆ ಇದೆ. ರೆಡ್ ಹ್ಯಾಟ್ ತನ್ನ ಲಿನಕ್ಸನ್ನು ಸಪೋರ್ಟಿನ ಜೊತೆ ಮಾರುತ್ತದೆ. ಅದರ ಸೋರ್ಸ್ ಕೋಡ್ ತೆಗೆದುಕೊಂಡು, ಹೆಸರು ಲೋಗೋ ತೆಗೆದು, ಮತ್ತೆ ಕಟ್ಟಿ ಪುಕ್ಕಟೆ ಹಂಚುತ್ತಿದ್ದದ್ದು ಸೆಂಟ್‌ಓಎಸ್. ನಮ್ಮಂಥ ಕಾರ್ಖಾನೆಗಳಿಗೆ ಅದು ಹೇಳಿ ಮಾಡಿಸಿದ್ದು: ಹತ್ತು ವರ್ಷ ಆಯುಷ್ಯ, ಖರ್ಚಿಲ್ಲ. 2020ರ ಬೇಸಿಗೆಯಲ್ಲಿ 7ರಿಂದ 8ಕ್ಕೆ ಹೋಗೋಣವೆಂದು ಪೆನ್‌ಡ್ರೈವ್ ಕೂಡ ಮಾಡಿಟ್ಟಿದ್ದೆ. 2029ರವರೆಗೆ ಚಿಂತೆಯಿಲ್ಲ ಎಂಬ ಲೆಕ್ಕ. ಲಾಕ್‌ಡೌನ್ ಬಂತು, ಸಾಫ್ಟ್‌ವೇರಿನವನು ಬರಲಿಲ್ಲ, ಕೆಲಸ ನಿಂತಿತು. ಆ ವರ್ಷದ ಡಿಸೆಂಬರ್ 8ರಂದು, ನಮ್ಮ ಹಂಗಾಮಿನ ನಟ್ಟನಡುವೆ, ಸೆಂಟ್‌ಓಎಸ್ 8 ಮುಂದಿನ ವರ್ಷದ ಕೊನೆಗೇ ಮುಗಿಯುತ್ತದೆ ಎಂಬ ಪ್ರಕಟಣೆ ಬಂತು. ಇನ್ನು ಮುಂದೆ ಸೆಂಟ್‌ಓಎಸ್ ಸ್ಟ್ರೀಮ್ ಮಾತ್ರ. ಅದು ರೆಡ್ ಹ್ಯಾಟಿನ ಹಿಂದೆ ಬರುವುದಲ್ಲ, ಒಂದು ಹೆಜ್ಜೆ ಮುಂದೆ ನಡೆಯುವುದು. 8 ಹಾಕಿಕೊಂಡಿದ್ದವರಿಗೆ 2021ರ ಡಿಸೆಂಬರ್ 31ರೊಳಗೆ ಬೇರೆ ದಾರಿ ನೋಡಬೇಕಾಯಿತು. ಹಳೇ 7ರಲ್ಲೇ ಉಳಿದಿದ್ದ ನನ್ನಂಥ ಸೋಮಾರಿಗೆ 2024ರವರೆಗೆ ಸಮಯ ಸಿಕ್ಕಿತು.

ಸೆಂಟ್‌ಓಎಸ್‌ನ ಜಾಗಕ್ಕೆ ಇಬ್ಬರು ಬಂದರು. 2021ರ ಮಾರ್ಚಿನಲ್ಲಿ ಆಲ್ಮಾಲಿನಕ್ಸ್, ಜೂನಿನಲ್ಲಿ ರಾಕಿ ಲಿನಕ್ಸ್. ರಾಕಿ ಎನ್ನುವುದು ಸೆಂಟ್‌ಓಎಸ್ ಕಟ್ಟಿದವರಲ್ಲಿ ಒಬ್ಬರಾಗಿದ್ದು ತೀರಿಕೊಂಡ ರಾಕಿ ಮೆಕ್‌ಗಾ ಅವರ ಹೆಸರು. ಆಲ್ಮಾ ಎಂದರೆ ಸ್ಪ್ಯಾನಿಷ್‌ನಲ್ಲಿ ಆತ್ಮ. 2023ರ ಜೂನಿನಲ್ಲಿ ರೆಡ್ ಹ್ಯಾಟ್ ತನ್ನ ಸೋರ್ಸನ್ನು ಮೊದಲಿನಂತೆ ಬಹಿರಂಗವಾಗಿ ಇಡುವುದನ್ನು ನಿಲ್ಲಿಸಿ, ಸ್ಟ್ರೀಮಿನ ಕೋಡ್ ಮಾತ್ರ ಎಲ್ಲರಿಗೂ, ಉಳಿದದ್ದು ಗ್ರಾಹಕರಿಗೆ ಎಂದಿತು. ಆಗ ಇಬ್ಬರ ದಾರಿ ಬೇರೆಯಾಯಿತು. ರಾಕಿಯವರು ಹುಬೇಹೂಬು ನಕಲನ್ನೇ ಹಿಡಿದರು. ಆಲ್ಮಾದವರು, ಮೂಲದ ದೋಷವನ್ನೂ ಹಾಗೇ ನಕಲು ಮಾಡುವ ಹಟ ಬಿಡುತ್ತೇವೆ, ಅಲ್ಲಿ ಓಡುವ ಪ್ರೋಗ್ರಾಮು ಇಲ್ಲೂ ಓಡಿದರೆ ಸಾಕು ಎಂದರು. ಹುಬೇಹೂಬು ಇರುವುದೇ ಒಳ್ಳೆಯದಲ್ಲವೇ ಎಂದು ಆಗ ನನಗನಿಸಿತ್ತು. ಮನಸ್ಸಿನಲ್ಲಿ ರಾಕಿಗೆ ವೋಟು ಹಾಕಿ ಸುಮ್ಮನಾಗಿದ್ದೆ.

ಹೊಸ ಸರ್ವರ್ ಕೇಳಿ ನೋಡಿದೆ. "ಈ ವರ್ಷ ಬಾಯ್ಲರ್ ಟ್ಯೂಬ್ ಬದಲಿ ಮಾಡೂದೈತಿ, ನಿಮ್ಮ ಪೆಟ್ಟಿಗಿ ಇನ್ನೊಂದ್ ಹಂಗಾಮ ದುಡೀಲಿ" ಎಂದರು ಎಂಡಿ ಸಾಹೇಬರು. ಅವರದೂ ತಪ್ಪಲ್ಲ. ಟ್ಯೂಬು ಒಡೆದರೆ ಸರ್ವರ್ ಇಟ್ಟುಕೊಂಡು ಏನು ಮಾಡುವುದು?

ಇನ್ನು ಸಾಫ್ಟ್‌ವೇರ್. ಕಬ್ಬಿನ ಲೆಕ್ಕದ ಪ್ರೋಗ್ರಾಮು ಬರೆದವನು ಕೊಲ್ಹಾಪುರದ ಕಡೆಯವನು, ಒಬ್ಬನೇ. ಸೆಂಟ್‌ಓಎಸ್ 7ರ ಜೊತೆ ಬರುವ ಪಿಎಚ್‌ಪಿ 5.4 ಭಾಷೆ, ಮಾರಿಯಾಡಿಬಿ 5.5 ಡೇಟಾಬೇಸ್ ನಂಬಿಕೊಂಡು ಬರೆದದ್ದು. ಇಷ್ಟು ಹಳೆಯದು ಇಷ್ಟು ವರ್ಷ ಹೇಗೆ ನಡೆಯಿತು ಎಂದರೆ, ಇಂಥ ಡಿಸ್ಟ್ರೋಗಳಲ್ಲಿ, ಅಂದರೆ ಲಿನಕ್ಸ್ ಬಗೆಗಳಲ್ಲಿ, ಆವೃತ್ತಿಯ ನಂಬರ್ ಬದಲಿಸುವುದಿಲ್ಲ, ಹೊಸದರಲ್ಲಿ ಮಾಡಿದ ಭದ್ರತೆಯ ತೇಪೆಯನ್ನಷ್ಟೇ ತಂದು ಹಳೆಯದಕ್ಕೆ ಹೊಲಿಯುತ್ತಾರೆ. ಹೊಲಿಯುವವರು ಎದ್ದು ಹೋದ ದಿನ ಅಂಗಿ ಹರಿದಂತೆಯೇ. ಪಿಎಚ್‌ಪಿ 7ರಿಂದ ಈಚೆಗೆ ಡೇಟಾಬೇಸಿನ ಜೊತೆ ಮಾತಾಡುವ ಹಳೇ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳೇ ಇಲ್ಲ. ಯಾವ ಡಿಸ್ಟ್ರೋ ಹಾಕಿದರೂ ಅವನು ಕೋಡ್ ತಿದ್ದಲೇಬೇಕು. "ನಾಗರಪಂಚಮಿ ಮುಗಿಯೂದ್ರೊಳಗ ಕೊಡ್ತೀನಿ" ಎಂದ. ಆಶ್ಚರ್ಯವೆಂದರೆ ಕೊಟ್ಟ.

ಕಾರಹುಣ್ಣಿಮೆ ಮುಗಿದ ಮೇಲೆ ಬಂದ ಭಾನುವಾರ ಪ್ರಯೋಗ ಶುರು. ಚಾಲ್ತಿ ಡಿಸ್ಕುಗಳನ್ನು ಹೊರತೆಗೆದು, ಒಂದರಿಂದ ಆರು ನಂಬರ್ ಬರೆದು, ಟವೆಲ್ಲಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಕೆಲಸ ಬಿಟ್ಟಿದ್ದ ಎರಡು ಹಳೇ ಡಿಸ್ಕು ಸಿಕ್ಕಿಸಿದೆ. ನಾಲ್ಕು ಪೆನ್‌ಡ್ರೈವ್: ಉಬುಂಟು 24.04, ಡೆಬಿಯನ್ 12, ರಾಕಿ 9.4, ಆಲ್ಮಾ 9.4.

ಉಬುಂಟು ಹಾಕಿಸಿದ್ದು ಬಾಗಲಕೋಟೆಯಿಂದ ಇಂಟರ್ನ್‌ಶಿಪ್‌ಗೆ ಬಂದಿದ್ದ ಇಂಜಿನಿಯರಿಂಗ್ ಹುಡುಗ. ಅವನಿಗೆ ಲಿನಕ್ಸ್ ಎಂದರೆ ಉಬುಂಟುವೇ. ಅದರಲ್ಲಿ ಕುಂದೇನೂ ಇಲ್ಲ. ಐದು ವರ್ಷ ಪುಕ್ಕಟೆ ಅಪ್‌ಡೇಟ್, ಪ್ರೋ ಎಂಬ ಚಂದಾ ತಗೊಂಡರೆ ಹತ್ತು. ಭದ್ರತಾ ಅಪ್‌ಡೇಟುಗಳನ್ನು ಕೇಳದೆಯೇ ತಾನೇ ಹಾಕಿಕೊಳ್ಳುವುದು ಮಾತ್ರ ನನಗೆ ಸರಿಬರಲಿಲ್ಲ. ಆಫ್ ಮಾಡಬಹುದು, ಗೊತ್ತು. ಆದರೂ ಹಂಗಾಮಿನಲ್ಲಿ ನನ್ನನ್ನು ಕೇಳದೆ ಯಾವುದೂ ಅಲುಗಾಡಬಾರದು ಎನ್ನುವ ರೋಗ ನನ್ನದು.

ಡೆಬಿಯನ್ ನನಗೆ ಮನಸ್ಸಿಗೆ ಹತ್ತಿರ. 1993ರಿಂದ ನಡೆದು ಬಂದದ್ದು, ಯಾವ ಕಂಪನಿಯ ಕೈಯಲ್ಲೂ ಇಲ್ಲ, ಹಾಗಾಗಿ ಒಂದು ಬೆಳಿಗ್ಗೆ ಯಾರೋ ಬಾಗಿಲು ಹಾಕಿದರು ಎಂಬ ಸುದ್ದಿ ಬರುವ ಹೆದರಿಕೆ ಕಡಿಮೆ. ಅದನ್ನು ಹಾಕುವ ನೆಟ್‌ಇನ್‌ಸ್ಟ್ ಫೈಲು ಆಲ್ಮಾದ ಡಿವಿಡಿಯ ಹತ್ತನೇ ಒಂದು ಪಾಲೂ ಇಲ್ಲ. ವಾರಕ್ಕೊಮ್ಮೆ ಜೆಸಿಬಿಯವನು ಫೈಬರ್ ಕಡಿಯುವ ನಮ್ಮ ಊರಲ್ಲಿ ಇದು ಸಣ್ಣ ಗುಣವಲ್ಲ. ಹಳೇ ರೇಡ್ ಕಾರ್ಡನ್ನು ಕಂಡ ಕೂಡಲೇ ಗುರುತು ಹಿಡಿಯಿತು. ಅರ್ಧ ತಾಸಿನಲ್ಲಿ ಎಲ್ಲ ಮುಗಿದು, ಡೇಟಾ ಹಾಕಿ, ರೈತರ ಪಟ್ಟಿ ತೆರೆದೆ.

ಹೆಸರುಗಳೆಲ್ಲ ಕೆಟ್ಟಿದ್ದವು. ನಮ್ಮ ಪಟ್ಟಿಯಲ್ಲಿ ರೈತರ ಹೆಸರು ಯೂನಿಕೋಡ್‌ನಲ್ಲಿಲ್ಲ, ನುಡಿ ಫಾಂಟಿನ ಹಳೇ ಪದ್ಧತಿಯಲ್ಲಿವೆ. ಅಂದರೆ ಇಂಗ್ಲಿಷಿನ ಚಿತ್ರವಿಚಿತ್ರ ಅಕ್ಷರಗಳಿಗೆ ಕನ್ನಡದ ವೇಷ. ಸೆಂಟ್‌ಓಎಸ್‌ನ ಮಾರಿಯಾಡಿಬಿ ಎಲ್ಲವನ್ನೂ ಲ್ಯಾಟಿನ್-1 (ಒಂದಕ್ಷರಕ್ಕೆ ಒಂದೇ ಬೈಟಿನ ಹಳೇ ಪದ್ಧತಿ) ಎಂದುಕೊಂಡು ಸುಮ್ಮನೆ ದಾಟಿಸುತ್ತಿತ್ತು. ಡೆಬಿಯನ್‌ನವರು ಅದೇ ಮಾರಿಯಾಡಿಬಿಯನ್ನು ಯೂನಿಕೋಡಿನ ಯುಟಿಎಫ್-8 ಮೂಲನೆಲೆಯಾಗಿ ಹೊಂದಿಸಿ ಕೊಡುತ್ತಾರೆ. ಅದು ಒಂದೊಂದು ಬೈಟನ್ನು ಎರಡೆರಡು ಮಾಡಿ ಕಳಿಸಿ, ಪ್ರತಿ ಅಕ್ಷರಕ್ಕೂ ಒಂದು ಬಾಲ ಬೆಳೆದಿತ್ತು. ನ್ಯಾಯವಾಗಿ ನೋಡಿದರೆ ಡೆಬಿಯನ್ ಮಾಡಿದ್ದೇ ಸರಿ, ಪಾಪ ನಮ್ಮದು. ಸೆಟ್ಟಿಂಗ್‌ನಲ್ಲಿ ಒಂದು ಸಾಲು ಬದಲಿಸಿದೆ, ಬಾಲ ಉದುರಿದವು.

ಡೆಬಿಯನ್ ಸೋತದ್ದು ಅಲ್ಲಲ್ಲ, ನೋಟ್‌ಬುಕ್ಕಿನಲ್ಲಿ.

ರಾತ್ರಿ ಪಾಳಿಯಲ್ಲಿ ಇಡಿಪಿ ರೂಮು ಕಾಯುವವರು ನಮ್ಮ ಕಾಕಾ. ಮೊದಲು ಕಾಟಾದಲ್ಲಿ ಕ್ಲರ್ಕ್ ಆಗಿದ್ದವರು, ಬೆನ್ನು ನೋವೆಂದು ಇಲ್ಲಿಗೆ ಬಂದವರು. ಅವರ ಹತ್ತಿರ ಕೆಂಪು ರಟ್ಟಿನ ಒಂದು ನೋಟ್‌ಬುಕ್ ಇದೆ. ನಾನು ಹೇಳಿದ್ದನ್ನೆಲ್ಲ ಅವರು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ: "ಬಿಲ್ ಪ್ರಿಂಟ್ ನಿಂತರ: ಸಿಸ್ಟಮ್ ಸಿಟಿಎಲ್, ಜಾಗಾ ಬಿಡು, ರೀಸ್ಟಾರ್ಟ್, ಜಾಗಾ ಬಿಡು, ಎಚ್ ಟಿ ಟಿ ಪಿ ಡಿ." ಪಕ್ಕದಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್, ಅದರ ಕೆಳಗೆ ಅಡ್ಡಗೆರೆ. ಪ್ರತಿ ಪುಟದ ಕಡೆಯ ಸಾಲು ಒಂದೇ, ಅದನ್ನು ನಾನೇ ಕೈಯಾರೆ ಬರೆದದ್ದು: "ಸಾಹೇಬರಿಗೆ ಫೋನ್ ಮಾಡುವುದು." ಹಲವು ಹಂಗಾಮು ರಾತ್ರಿ ನಾನು ನಿದ್ದೆ ಮಾಡಿದ್ದು ಈ ನೋಟ್‌ಬುಕ್ಕಿನ ಮೇಲೆ.

ಅವರನ್ನು ಡೆಬಿಯನ್ ಮುಂದೆ ಕೂರಿಸಿದೆ. ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿದರು. ಆ ಹೆಸರಿನ ಸರ್ವಿಸ್ ಇಲ್ಲ ಎಂದು ಬಂತು. ಮತ್ತೊಮ್ಮೆ ಒತ್ತಿದರು. ಅದೇ ಉತ್ತರ. ನನ್ನ ಕಡೆ ತಿರುಗಿ, "ಸಾಹೇಬ್ರ, ನಾ ಏನರ ತಪ್ಪು ಹೊಡದ್ನ್ಯಾ?" ಎಂದರು.

ತಪ್ಪು ಅವರದಲ್ಲ. ರೆಡ್ ಹ್ಯಾಟ್ ಬಳಗದಲ್ಲಿ ಅಪಾಚೆ ಎಂಬ ವೆಬ್ ಸರ್ವರ್ ಪ್ರೋಗ್ರಾಮನ್ನು ಎಚ್‌ಟಿಟಿಪಿಡಿ ಎನ್ನುತ್ತಾರೆ, ಡೆಬಿಯನ್ ಉಬುಂಟು ಬಳಗದಲ್ಲಿ ಅಪಾಚೆ2 ಎನ್ನುತ್ತಾರೆ. ಹಳೇ ಹೆಸರಿಗೂ ಓಗೊಡುವಂತೆ ಮಾಡುವುದು ಎರಡು ನಿಮಿಷದ ಕೆಲಸ, ಮಾಡಿಯೂ ನೋಡಿದೆ. ಆದರೆ ಲಾಗ್ ಇರುವ ಜಾಗ ಬೇರೆ, ಸೆಟ್ಟಿಂಗ್ ಫೈಲುಗಳ ಜಾಗ ಬೇರೆ, ಪ್ಯಾಕೇಜ್ ಹಾಕುವ ಕಮಾಂಡ್ ಬೇರೆ. ಬಾಗಿಲಿಗೆ ಹಳೇ ಬೋರ್ಡ್ ತೂಗುಹಾಕಿದರೆ ಒಳಗಿನ ಕೋಣೆಗಳು ಹಳೇ ಜಾಗಕ್ಕೆ ಬರುವುದಿಲ್ಲ. ಐವತ್ತೆಂಟರ ಮನುಷ್ಯನಿಗೆ, ನಿವೃತ್ತಿಗೆ ಎರಡು ವರ್ಷ ಇರುವಾಗ, ಹೊಸ ನೋಟ್‌ಬುಕ್ ಕೊಡುವುದು ನನಗೆ ಬೇಡವೆನಿಸಿತು. ಬೆಂಗಳೂರಿನ ಗೆಳೆಯನೊಬ್ಬ ಇದನ್ನು ಕೇಳಿ ನಕ್ಕ. ಅವನ ಕಂಪನಿಯಲ್ಲಿ ರಾತ್ರಿ ಎರಡಕ್ಕೆ ಏಳಲು ಮೂರು ದೇಶದಲ್ಲಿ ಜನ ಇದ್ದಾರೆ.

ಹಾಗಾದರೆ ರಾಕಿ. ಮುಂದಿನ ಭಾನುವಾರ ಪೆನ್‌ಡ್ರೈವ್ ಹಾಕಿದೆ, ಇನ್‌ಸ್ಟಾಲರ್ ಚೆಂದಾಗಿ ತೆರೆಯಿತು, ಡಿಸ್ಕು ಆರಿಸುವ ಪುಟಕ್ಕೆ ಬಂದರೆ ಖಾಲಿ. ಒಂದೂ ಡಿಸ್ಕಿಲ್ಲ. ಕೇಬಲ್ ತೆಗೆದು ಹಾಕಿದೆ. ಕಾರ್ಡ್ ತೆಗೆದು, ಅದರ ಕಾಲುಗಳನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದೆ. ಡಿಸ್ಕಿನ ಹಸಿರು ದೀಪ ಮಿಣುಕುತ್ತಿದೆ, ಪರದೆಯಲ್ಲಿ ಮಾತ್ರ ಇಲ್ಲ. ಎರಡು ತಾಸು ಬೆವರಿದೆ. ಕಾರ್ಡೇ ಹೋಯಿತು, ಬಾಯ್ಲರ್ ಟ್ಯೂಬಿನ ವರ್ಷದಲ್ಲಿ ಇದನ್ನು ಯಾವ ಬಾಯಿಂದ ಹೇಳಲಿ ಎಂದುಕೊಳ್ಳುವಾಗ, ಹೋದ ವಾರವಷ್ಟೇ ಡೆಬಿಯನ್ ಇದೇ ಕಾರ್ಡಿನ ಮೇಲೆ ಓಡಿತ್ತಲ್ಲ ಎಂಬುದು ನೆನಪಾಯಿತು.

ಆಮೇಲೆ ಬಿಡುಗಡೆಯ ಟಿಪ್ಪಣಿ ಓದಿದೆ. ಮೊದಲೇ ಓದಬೇಕಿತ್ತು. ನಮ್ಮ ಕಾರ್ಡಿನ ಒಳಗಿರುವುದು ಎಲ್‌ಎಸ್‌ಐ 2108 ಎಂಬ ಚಿಪ್ಪು. ರೆಡ್ ಹ್ಯಾಟ್‌ನವರು 8ನೇ ಆವೃತ್ತಿಯಿಂದಲೇ ಅಷ್ಟು ಹಳೇ ಕಾರ್ಡುಗಳನ್ನು ಡ್ರೈವರಿನ (ಕಾರ್ಡನ್ನು ಓಡಿಸುವ ಪ್ರೋಗ್ರಾಮಿನ) ಪಟ್ಟಿಯಿಂದ ತೆಗೆದಿದ್ದಾರೆ. ಡ್ರೈವರ್ ಇದೆ, ಅದರಲ್ಲಿ ನಮ್ಮ ಕಾರ್ಡಿನ ನಂಬರ್ ಇಲ್ಲ. ರೇಷನ್ ಅಂಗಡಿ ಇದೆ, ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ ಎಂದಂತೆ. ಮೂಲದಲ್ಲಿ ಇಲ್ಲದ್ದು ಹುಬೇಹೂಬು ನಕಲಿನಲ್ಲಿ ಎಲ್ಲಿಂದ ಬರಬೇಕು? ಎಲ್‌ರೆಪೋ ಎಂಬ ಹೊರಗಿನ ಭಂಡಾರದಿಂದ ಡ್ರೈವರ್ ತಂದು ಸೇರಿಸಬಹುದು. ಆದರೆ ಪ್ರತಿ ಹೊಸ ಪಾಯಿಂಟ್ ಬಿಡುಗಡೆಗೂ ಅವರ ಕಡೆ ನೋಡುತ್ತ ಕೂರಬೇಕು. ಡಿಸ್ಕಿನ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ.

ಆಲ್ಮಾ ಕೂಡ ಇದೇ ಹಾಡು ಹಾಡುತ್ತದೆ ಎಂದುಕೊಂಡೇ ಕಡೆಯ ಪೆನ್‌ಡ್ರೈವ್ ಹಾಕಿದೆ. ಡಿಸ್ಕು ಕಂಡವು. ನಕಲಿನ ಹಟ ಬಿಟ್ಟಿದ್ದರಲ್ಲ, ಆ ಸ್ವಾತಂತ್ರ್ಯವನ್ನು ಇವರು ಬಳಸಿದ್ದೇ ಇಲ್ಲಿ. 2024ರ ಮೇ 6ರಂದು ಬಂದ 9.4ರಲ್ಲಿ, ಮೇಲಿನವರು ಕೈಬಿಟ್ಟ ಹಳೇ ಯಂತ್ರಾಂಶಗಳ ಡ್ರೈವರ್‌ಗಳನ್ನು ತಾವಾಗಿ ಮರಳಿ ಸೇರಿಸಿದ್ದರು. ಆಡಿಟ್‌ನವರು ನಮ್ಮಲ್ಲಿಗೆ ಬಂದದ್ದೂ ಅದೇ ತಿಂಗಳು. ಒಂದು ವರ್ಷ ಮೊದಲು ಈ ಪರೀಕ್ಷೆ ಮಾಡಿದ್ದರೆ ಆಲ್ಮಾದಲ್ಲೂ ಪುಟ ಖಾಲಿಯೇ ಇರುತ್ತಿತ್ತು.

ಪ್ರೊಸೆಸರಿನದೂ ಒಂದು ಗೆರೆ ಇತ್ತು. 9ನೇ ಆವೃತ್ತಿಗೆ ಎಕ್ಸ್86-64ರ ಎರಡನೇ ಹಂತದ ಪ್ರೊಸೆಸರ್ ಬೇಕು. ನಮ್ಮದು ಆ ಗೆರೆಯನ್ನು ಕಷ್ಟಪಟ್ಟು ದಾಟುತ್ತದೆ. ಇದಕ್ಕಿಂತ ಎರಡು ತಲೆಮಾರು ಹಿಂದಿನದಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಕಾಕಾನನ್ನು ಕರೆದೆ. ನೋಟ್‌ಬುಕ್ ತೆಗೆದರು, ಒತ್ತಿದರು. ಏನೂ ಬರಲಿಲ್ಲ. ಅಂದರೆ ಸರಿಯಾಯಿತು. "ಇದು ನಮ್ದ ಐತ್ರಿ" ಎಂದರು. ಪ್ಯಾಕೇಜ್ ಹಾಕಲು ಒಳಗೆ ಈಗ ಡಿಎನ್‌ಎಫ್ ಇದ್ದರೂ ಹಳೇ ಯಮ್ ಎಂದು ಒತ್ತಿದರೂ ನಡೆಯುತ್ತದೆ, ಅದನ್ನು ಅವರಿಗೆ ಹೇಳಲೂ ಇಲ್ಲ.

ಮಂಜೂರಾತಿಗೆ ಟಿಪ್ಪಣಿ ಬರೆದು ಚೀಫ್ ಅಕೌಂಟಂಟ್ ಸಾಹೇಬರ ಟೇಬಲ್ಲಿಗೆ ಒಯ್ದೆ. ಹಣ ಕೇಳಿರಲಿಲ್ಲ, ಎರಡು ದಿನ ಸರ್ವರ್ ಬಂದ್ ಇಡಲು ಒಪ್ಪಿಗೆ ಅಷ್ಟೆ. ಅವರ ಊರು ಕೃಷ್ಣಾ ದಂಡೆಯದು, ಮನೆ ಹೊಲ ಎರಡೂ ಹಿನ್ನೀರಿಗೆ ಹೋಗಿ ನವನಗರಕ್ಕೆ ಬಂದು ನೆಲೆಸಿದವರು. ಓದಿ ತಲೆ ಎತ್ತಿದರು.

"ಏನ್ರೀ ಇದು, ಆಲಮಟ್ಟಿ ಹಾಕ್ತೀವಿ ಅಂತ ಬರದೀರಿ?"

"ಆಲಮಟ್ಟಿ ಅಲ್ರೀ ಸರ್, ಆಲ್ಮಾ."

"ಒಂದರಾಗ ಹೊಲ ಹೋತು. ಇದರಾಗ ಲೆಕ್ಕಾ ಮುಳುಗದಂಗ ನೋಡ್ಕೋರಿ" ಎಂದು ಸಹಿ ಹಾಕಿದರು. ಅವತ್ತಿನಿಂದ ಇಡೀ ಆಫೀಸಿನಲ್ಲಿ ಅದರ ಹೆಸರು ಆಲಮಟ್ಟಿಯೇ.

ಹಳೇ ಸೆಂಟ್‌ಓಎಸ್ ಇದ್ದಲ್ಲೇ ಇದ್ದು ಮೇಲಕ್ಕೇರಿಸುವ ಎಲಿವೇಟ್ ಎಂಬ ಸಲಕರಣೆಯೂ ಆಲ್ಮಾದವರದು ಇದೆ. ಇಷ್ಟು ವರ್ಷದ ಕಸ ಯಾಕೆ ಹೊತ್ತುಕೊಳ್ಳಲಿ ಎಂದು ಹೊಸದಾಗಿಯೇ ಹಾಕಿದೆ. ಯಾವ ಪ್ರೋಗ್ರಾಮು ಯಾವ ಫೈಲು ಮುಟ್ಟಬಹುದೆಂದು ಕಾಯುವ ಎಸ್‌ಇಲಿನಕ್ಸ್ ಕಾಟಾದ ಕ್ಯಾಮೆರಾ ಫೋಟೋಗಳನ್ನು ತಡೆಹಿಡಿಯಿತು. ಅದನ್ನು ಬಂದ್ ಮಾಡಿಬಿಡಿ ಎಂದು ಕೊಲ್ಹಾಪುರದಿಂದ ಸಲಹೆ ಬಂತು. ಬಂದ್ ಮಾಡಲಿಲ್ಲ, ಆ ಫೋಲ್ಡರಿಗೆ ಸರಿಯಾದ ಗುರುತು ಹಚ್ಚಿದೆ.

ಸೆಪ್ಟೆಂಬರಿನಲ್ಲಿ, ಗಣಪತಿ ಕಳಿಸಿ ಬಂದ ಮೇಲೆ, ಕಾಟಾದ ಮೇಲೆ ನಿಜವಾದ ಪರೀಕ್ಷೆ. ಕಬ್ಬಿಲ್ಲದ ಕಾಲ, ಹಾಗಾಗಿ ಕಾರ್ಖಾನೆಯದೇ ಟ್ರ್ಯಾಕ್ಟರಿಗೆ ಗುಜರಿ ಕಬ್ಬಿಣ ತುಂಬಿದೆವು. ಟ್ರ್ಯಾಕ್ಟರ್ ಕಾಟಾ ಹತ್ತಿತು. ಹೊರಗಿನ ಕೆಂಪು ಅಂಕಿಗಳು ಹೊಯ್ದಾಡಿ 9.240 ಟನ್ನಿಗೆ ನಿಂತವು. ಕ್ಲರ್ಕ್ ಸೇವ್ ಒತ್ತಿದ. ಪರದೆ ಬೆಳ್ಳಗಾಯಿತು. ಮತ್ತೆ ಒತ್ತಿದ. ಮತ್ತೆ ಬಿಳಿ. ಡ್ರೈವರ್ ಕೆಳಗಿಳಿದು ಬಂದು ಕಿಟಕಿಯಲ್ಲಿ ಇಣುಕಿ, "ಗುಜರಿ ಅಂತ ತೂಗವಲ್ದೇನು?" ಎಂದ.

ಲಾಗ್ ತೆಗೆದು ನೋಡಿದರೆ: ಖಾಲಿ ತೂಕದ ಅಂಕಣಕ್ಕೆ ಬಂದ ದಶಮಾಂಶ ಬೆಲೆ ಸರಿಯಿಲ್ಲ. ಕಾಟಾದ ಕ್ರಮ ಹೀಗೆ. ತುಂಬಿದ ಗಾಡಿ ಮೊದಲು ತೂಗುತ್ತದೆ. ಯಾರ್ಡಿಗೆ ಹೋಗಿ ಕಬ್ಬು ಇಳಿಸಿ, ಖಾಲಿಯಾಗಿ ಬಂದು ಎರಡನೇ ಸಲ ತೂಗುತ್ತದೆ. ಎರಡರ ವ್ಯತ್ಯಾಸ ಕಬ್ಬು. ಮೊದಲ ತೂಕದ ಹೊತ್ತಿಗೆ ಖಾಲಿ ತೂಕ ಇನ್ನೂ ಗೊತ್ತಿರುವುದಿಲ್ಲ. ಪ್ರೋಗ್ರಾಮು ಅಲ್ಲಿ ಏನೂ ಇಲ್ಲದ ಅಕ್ಷರವನ್ನು ಕಳಿಸುತ್ತಿತ್ತು. ಹಳೇ ಮಾರಿಯಾಡಿಬಿ 5.5 ಅದನ್ನು ಗೊಣಗದೆ ಸೊನ್ನೆ ಮಾಡಿಕೊಳ್ಳುತ್ತಿತ್ತು. 10.2ರ ಕಾಲದಿಂದ ಅದು ಕಟ್ಟುನಿಟ್ಟು. ಅಂಕಿಯ ಜಾಗದಲ್ಲಿ ಅಂಕಿಯೇ ಬೇಕು, ಇಲ್ಲವಾದರೆ ತೆಗೆದುಕೊಳ್ಳುವುದಿಲ್ಲ. ಆಲ್ಮಾ 9ರಲ್ಲಿರುವುದು 10.5. ಡೆಬಿಯನ್ ಹಾಕಿದ್ದರೂ ಇದೇ ಆಗುತ್ತಿತ್ತು. ಕೊಲ್ಹಾಪುರದವನು ಎರಡೂ ತೂಕ ಒಟ್ಟಿಗೇ ಟೈಪ್ ಮಾಡಿ ಪರೀಕ್ಷಿಸಿದ್ದ. ಅವನ ಮನೆಯಲ್ಲಿ ಕಾಟಾ ಇಲ್ಲವಲ್ಲ.

ನನಗೆ ಹೊಟ್ಟೆಯಲ್ಲಿ ಚುರ್ ಎಂದದ್ದು ಬೇರೆ ಕಾರಣಕ್ಕೆ. ಖಾಲಿ ತೂಕ ಸೊನ್ನೆ ಎಂದೇ ಉಳಿದು, ಟ್ರೇಲರಿನ ಕಬ್ಬಿಣಕ್ಕೂ ಕಬ್ಬಿನ ದರ ಕೊಟ್ಟಿದ್ದೇವೆಯೇ? ಹಳೇ ಡೇಟಾ ಜಾಲಾಡಿದೆ. ಒಂಬತ್ತು ಹಂಗಾಮಿನಲ್ಲಿ ಮೂರು ಗಾಡಿ ಸಿಕ್ಕವು. ಮೂರರ ಮುಂದೂ ಕಾಟಾದ ರಿಜಿಸ್ಟರಿನಲ್ಲಿ ಪೆನ್ನಿನಿಂದ ತಿದ್ದಿ, ಬಿಲ್ ಸರಿ ಮಾಡಿ ಸಹಿ ಹಾಕಲಾಗಿತ್ತು. ಸಹಿ ಕಾಕಾನದು, ಅವರು ಕಾಟಾದಲ್ಲಿದ್ದಾಗಿನದು.

ಕಾಟಾದ ಪುಟವನ್ನು ಕೊಲ್ಹಾಪುರದವನಿಂದ ತಿದ್ದಿಸಿದೆ. ಉಳಿದ ನಲವತ್ತು ಪುಟಗಳಿಗೆ ಸಮಯವಿರಲಿಲ್ಲ, ಹಾಗಾಗಿ ಆ ಹಂಗಾಮಿನ ಮಟ್ಟಿಗೆ ಡೇಟಾಬೇಸಿನ ಕಟ್ಟುನಿಟ್ಟನ್ನು ನಾನೇ ಸಡಿಲಿಸಿದೆ. ಹೆಮ್ಮೆಯ ಕೆಲಸವಲ್ಲ. 2025ರ ಬೇಸಿಗೆಯಲ್ಲಿ ಮತ್ತೆ ಬಿಗಿಗೊಳಿಸಿದೆ. ಡೆಬಿಯನ್ ಬಿಡಲು ಮನಸ್ಸಾಗದೆ ಬ್ಯಾಕಪ್ ಹಿಡಿಯುವ ಸಣ್ಣ ಯಂತ್ರಕ್ಕೆ ಹಾಕಿದೆ. ಅದನ್ನು ಮುಟ್ಟುವವನು ನಾನೊಬ್ಬನೇ.

ಆಲ್ಮಾ 9ಕ್ಕೆ 2032ರ ಮೇ 31ರವರೆಗೆ ಭದ್ರತಾ ಅಪ್‌ಡೇಟ್. ಆ ಹೊತ್ತಿಗೆ ಸರ್ವರಿಗೆ ಇಪ್ಪತ್ತೊಂದು ತುಂಬಿರುತ್ತದೆ, ಲಗ್ನ ಮಾಡಬಹುದು. ಸೆಂಟ್‌ಓಎಸ್ 7 ಮುಗಿದದ್ದು ಜೂನಿನಲ್ಲಿ, ಡೆಬಿಯನ್ 12ರ ಕೊನೆ 2028ರ ಜೂನಿನಲ್ಲಿ, ಉಬುಂಟುವಿನದು ಬೇಸಿಗೆಯಲ್ಲಿ. ಎಲ್ಲರ ಆಯುಷ್ಯವೂ ಗಾಣ ನಿಂತ ಮೇಲೆಯೇ ಮುಗಿಯುವುದು ನೋಡಿದರೆ ಇವರ ಪೈಕಿ ಯಾರದೋ ಕಬ್ಬಿನ ಹೊಲ ಇರಬೇಕು ಎನಿಸುತ್ತದೆ.

2024ರ ಹಂಗಾಮು ಶುರುವಾಯಿತು. ಆ ವರ್ಷ ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರ ಕಬ್ಬಿಗೆ ಕಟ್ಟುವ ಕನಿಷ್ಠ ದರ, ಶೇಕಡಾ 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,400 ರೂಪಾಯಿ. ಮೊದಲ ಬಿಲ್ಲುಗಳು ಹೊತ್ತಿಗೆ ಸರಿಯಾಗಿ ಹೋದವು. ಡಿಸೆಂಬರಿನ ಒಂದು ರಾತ್ರಿ ಎರಡೂ ಇಪ್ಪತ್ತಕ್ಕೆ ಫೋನ್ ಹೊಡೆಯಿತು. ಕಾಕಾ. ಎದ್ದು ಕೂತೆ.

"ಸಾಹೇಬ್ರ, ಟರ್ಬೈನ್ ಟ್ರಿಪ್ ಆಗಿ ಕರೆಂಟ್ ಹೋಗಿತ್ರಿ. ಯುಪಿಎಸ್ಸೂ ಹಿಡೀಲಿಲ್ಲ. ಆಲಮಟ್ಟಿ ಬಂದ್ ಆಗಿತ್ತು."

"ಈಗ?"

"ಈಗ ಎದ್ದೈತ್ರಿ. ಬುಕ್ಕಿನ್ಯಾಗ ಇದ್ದಂಗ ಎಲ್ಲಾ ನೋಡೀನಿ. ಕಾಟಾ ನಡದೈತಿ, ಬಿಲ್ ಬರಾಕತ್ಯಾವ."

"ಎಲ್ಲಾ ಸರಿ ಐತಿ ಅಂದ್ಮ್ಯಾಲ ಫೋನ್ ಯಾಕ ಮಾಡಿದ್ರಿ ಕಾಕಾ?"

"ಕಡೀ ಸಾಲು ನೀವ ಬರದೀರಲ್ರೀ, ಸಾಹೇಬರಿಗೆ ಫೋನ್ ಮಾಡುವುದು ಅಂತ."